ಉಪವಾಸದ ತಾಕಿಗೆ ಉಣಿಸಿದ ತೂಕದಕ್ಕ

ತೂಕದಕ್ಕನ ಎದುರಿಗೆ ನಿಂತು ಹೆಚ್ಚು ಹೊತ್ತು ಮಾತಾಡಬಾರದು, ಮಾತು ಮುಗಿಯುವುದರೊಳಗೆ ನಮ್ಮ ತೂಕ ನಮಗೇ ಹೇಳಿ ಕಳಿಸುತ್ತಾಳೆ ಎಂದು ಆ ಸಾಲುಮನೆಗಳವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಸಕ್ಕರೆ ಕೈಗಡ ಒಯ್ದವರು ವಾಪಸು ಕೊಡಲು ಬಂದರೆ ಡಬ್ಬಿಯನ್ನು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸುತ್ತಿದ್ದಳು. ಬಾಯಿಬಿಟ್ಟು ಒಂದು ಮಾತೂ ಇಲ್ಲ. "ಅದರ ಬದಲು ಎರಡು ಬೈದಿದ್ರೆ ವಾಸಿ ಇತ್ತು ಕಣ್ರೇ" ಎಂದು ಪಕ್ಕದ ಮನೆಯ ಹೊಲಿಗೆಯಕ್ಕ ಹೇಳುತ್ತಿದ್ದಳು. ಹಾಲಿನವನಂತೂ ಆ ಬಾಗಿಲಲ್ಲಿ ಪಾವು ಅಳೆದ ಮೇಲೆ ಕೇಳದೆಯೇ ಇನ್ನೊಂದು ಗುಟುಕು ಸುರಿಯುತ್ತಿದ್ದ.

ಅದೇ ಜನ ಇನ್ನೊಂದು ಮಾತೂ ಹೇಳುತ್ತಿದ್ದರು. "ಅವಳು ಕೇಳಿಕೊಂಡು ಬಂದ ಪುಣ್ಯ. ಗಂಡ ಬೇಯಿಸಿ ಬಡಿಸ್ತಾನೆ, ಇವಳು ಕೂತು ಉಣ್ತಾಳೆ."

ಈ ಮಾತು ಹೇಳಿದವರಲ್ಲಿ ಒಬ್ಬರೂ ಅವನ ಅಡುಗೆ ಉಂಡವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಗಂಡ ಗಡಿಯಾರ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಜಾಣ. ಜನ ಗಂಟೆ ನೋಡುವುದಕ್ಕೂ ಫೋನನ್ನೇ ತೆಗೆಯತೊಡಗಿದ ಮೇಲೆ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಮನೆಗೆ ಬಂದು ಒಲೆಯ ಮುಂದೆ ನಿಂತ. ಹೆಂಡತಿಗೆ ಊರಾಚೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು, ಜೊತೆಗೆ ಕೇಂದ್ರದ ಬೇಲಿಗೆ ಬೆನ್ನು ಕೊಟ್ಟ ಎರಡು ಕೋಣೆಯ ಮನೆ. "ನೀನು ದುಡಿ, ನಾನು ಬೇಯಿಸ್ತೀನಿ" ಎಂದ. ಎಂಥ ಒಳ್ಳೆಯ ಮಾತು! ಆದರೆ ಅವನಿಗೆ ಬರುತ್ತಿದ್ದುದು ಒಂದೇ ಅಡುಗೆ, ಗಂಜಿ. ಯಾವುದನ್ನೂ ಬಿಸಾಡಬಾರದೆಂಬುದು ಅವನ ವ್ರತ. ಕಾಳು, ನುಚ್ಚು, ಸೊಪ್ಪಿನ ದಂಟು, ತರಕಾರಿ ಸಿಪ್ಪೆ, ಬೀನ್ಸಿನ ನಾರು, ಕೋಸಿನ ಹೊರಗಿನ ಬಲಿತ ಎಲೆ, ಎಲ್ಲವೂ ಒಂದೇ ಪಾತ್ರೆಗೆ. ಗೋಡೆ ಗಡಿಯಾರ ನೋಡಿಕೊಂಡು ಸರಿಯಾಗಿ ನಲವತ್ತು ನಿಮಿಷ ಕುದಿಸುತ್ತಿದ್ದ. ನಿಮಿಷ ಮರೆತವನಲ್ಲ. ಉಪ್ಪು ನೆನಪಿಟ್ಟವನಲ್ಲ.

ಮೊದಲ ದಿನ ತೂಕದಕ್ಕ ಒಂದು ತುತ್ತು ಬಾಯಿಗಿಟ್ಟಳು. ಗಂಡ ಎದುರಿಗೆ ಕೂತು ಪರೀಕ್ಷೆ ಬರೆದ ಮಗುವಿನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದ.

"ಹೇಗಿದೆ?"

"ಇದೆ" ಎಂದಳು. ಅವಳು ಸುಳ್ಳು ಹೇಳುವವಳಲ್ಲ.

"ಇನ್ನೊಂದು ಸೌಟು ಹಾಕ್ಲಾ?"

"ಹಾಕಿ. ಹಿತ್ತಿಲಲ್ಲಿ ಗಾಳಿಗೆ ಕೂತು ಉಣ್ತೀನಿ."

ಹಿತ್ತಿಲಿಗೆ ಹೋದಳು. ಮುಂದೆ ತಂತಿಬೇಲಿ. ಬೇಲಿಯಾಚೆ ಏಳನೇ ತಾಕು.

ತಾಕು ಎಂದರೆ ಪ್ರಯೋಗಕ್ಕೆಂದು ಅಳೆದು ಗೂಟ ನೆಟ್ಟ ತುಂಡು ನೆಲ. ಉದ್ದ ಹತ್ತು ಮೀಟರು, ಅಗಲ ಹತ್ತು ಮೀಟರು. ಅಂಥ ಹತ್ತು ತಾಕುಗಳಲ್ಲಿ ವರ್ಷಾವರ್ಷ ಮೆಕ್ಕೆಜೋಳ ಹಾಕುತ್ತಿದ್ದರು. ಒಂದಕ್ಕೆ ಚೀಲದ ಗೊಬ್ಬರ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಬದುವಿನ ಮರಗಳ ಸೊಪ್ಪು, ಒಂದಕ್ಕೆ ಅರ್ಧ ಅದು ಅರ್ಧ ಇದು. ಯಾವ ಆಹಾರಕ್ಕೆ ಎಷ್ಟು ಬೆಳೆ, ಮೂವತ್ತು ವರ್ಷವಾದ ಮೇಲೆ ಯಾವ ಮಣ್ಣು ಗಟ್ಟಿ, ಯಾವುದು ಸುಸ್ತು ಎಂದು ತಿಳಿಯುವುದಕ್ಕೆ ಈ ಕಷ್ಟ. ಏಳನೆಯದಕ್ಕೆ ಮಾತ್ರ ಏನೂ ಇಲ್ಲ. ಉಳಿದ ಒಂಬತ್ತನ್ನು ಅದರ ಪಕ್ಕ ನಿಲ್ಲಿಸಿ ನೋಡಬೇಕಲ್ಲ, ಅದಕ್ಕೆ ಅದು ಹಸಿದೇ ಇರಬೇಕು. "ಈ ತಾಕಿಗೆ ಏನನ್ನೂ ಕೊಡಬಾರದು" ಎಂದು ಫಲಕ ಬೇರೆ ನಿಲ್ಲಿಸಿದ್ದರು. ಕೆಲಸದವರೆಲ್ಲ ಅದನ್ನು ಉಪವಾಸದ ತಾಕು ಎನ್ನುತ್ತಿದ್ದರು.

ತೂಕದಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ತಟ್ಟೆ ಬೇಲಿಯ ಮೇಲೆ ವಾಲಿತು. ಒಂದೇ ಕಡೆ ಸುರಿದರೆ ಇರುವೆ ಮುತ್ತಿ ಗುಟ್ಟು ರಟ್ಟಾದೀತೆಂದು ಬೀಸಿ ಚೆಲ್ಲಿದಳು. ಬೀಡಾಡಿ ನಾಯಿಯೊಂದು ಮೂಸಿ ನೋಡಿ, ಮರ್ಯಾದಸ್ಥರಂತೆ ಮುಖ ತಿರುಗಿಸಿಕೊಂಡು ಹೋಯಿತು. ಒಳಗೆ ಬಂದು ಖಾಲಿ ತಟ್ಟೆ ಇಟ್ಟಾಗ ಗಂಡನ ಮುಖ ಅರಳಿದ್ದು ನೋಡಬೇಕಿತ್ತು. ಆ ಮುಖವನ್ನು ನಾಳೆಯೂ ನೋಡಬೇಕೆನ್ನಿಸಿತು. ಹಾಗೆ ನಾಳೆ ನಾಳೆ ಎನ್ನುತ್ತಲೇ ಇಪ್ಪತ್ತೆರಡು ವರ್ಷ ಕಳೆಯಿತು. ಅವಳ ಹೊಟ್ಟೆಗೆ? ಕೇಂದ್ರದ ಕ್ಯಾಂಟೀನಿನಲ್ಲಿ ಹನ್ನೊಂದು ಗಂಟೆಗೇ ಬನ್ನು, ಬಾಳೆಹಣ್ಣು.

ಕೇಂದ್ರದಲ್ಲಿ ಅವಳ ಕೆಲಸ ತೂಗುವುದು. ಕುಯಿಲಾದ ಮೇಲೆ ಪ್ರತಿ ತಾಕಿನ ಕಾಳು, ದಂಟು, ಎಲೆ, ಬೇರುಗಳನ್ನು ಬೇರೆ ಬೇರೆ ಬಟ್ಟೆಚೀಲಕ್ಕೆ ತುಂಬಿ, ಆಳೆತ್ತರದ ಬಿಸಿಪೆಟ್ಟಿಗೆಯಲ್ಲಿ ಒಣಗಿಸಿ, ನೀರಿನಂಶವೆಲ್ಲ ಆರಿದ ಮೇಲೆ ತೂಕ ಹಾಕಿ ಬರೆಯಬೇಕು. ಅವಳು ಬರೆದದ್ದು ಶಿಲಾಲಿಖಿತ. ವಿಜ್ಞಾನಿಗಳು ಬಂದರು, ವರ್ಗವಾಗಿ ಹೋದರು. ಅವಳ ಅಂಕಿಯನ್ನು ಒಬ್ಬರೂ ಎರಡನೇ ಸಲ ತೂಗಿ ನೋಡಲಿಲ್ಲ.

ಏಳನೇ ತಾಕು ಮೊದಲ ವರ್ಷ ಕೊಟ್ಟದ್ದು ಹತ್ತೊಂಬತ್ತು ಕಿಲೋ ಕಾಳು. ಐದನೇ ವರ್ಷ ಇಪ್ಪತ್ತಾರು. ಹತ್ತನೇ ವರ್ಷ ಮೂವತ್ತೆಂಟು. ಅಂಕಿ ಏರಿದ ಹಾಗೆಲ್ಲ ತೂಕದಕ್ಕ ಚೀಲವನ್ನು ತಾನೇ ಇನ್ನೊಮ್ಮೆ ತೂಗುತ್ತಿದ್ದಳು. ಒಂದೆರಡು ಕಿಲೋ ಕಡಿಮೆ ಬರೆದಿದ್ದರೆ ಕೇಳುವವರಿರಲಿಲ್ಲ. ಆದರೆ ತಟ್ಟೆ ವಾಲಿಸುವ ಕೈಗೆ ತಕ್ಕಡಿ ವಾಲಿಸುವುದು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಇಪ್ಪತ್ತೆರಡನೇ ವರ್ಷ ಅರವತ್ತಮೂರು ಕಿಲೋ ಬಂದು, ಚೀಲದ ಗೊಬ್ಬರ ತಿಂದ ತಾಕೇ ನಾಚಿಕೊಂಡಿತು.

ಆ ಹೊತ್ತಿಗೆ ಕೇಂದ್ರದಲ್ಲಿದ್ದವಳು ಮಣ್ಣಿನ ವಿಜ್ಞಾನಿ. ಎಲ್ಲರೂ ಅವಳನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಮೂವತ್ತೈದು ದಾಟಿರದ ಚುರುಕು ಹೆಣ್ಣು. ಮಣ್ಣನ್ನು ಮೂಸುತ್ತಿದ್ದಳು, ಬೆರಳಲ್ಲಿ ತಿಕ್ಕುತ್ತಿದ್ದಳು, ಯಾರೂ ನೋಡದಿದ್ದರೆ ನಾಲಿಗೆಗೂ ಇಡುತ್ತಿದ್ದಳು. ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಏಳನೇ ತಾಕಿನ ಅಂಕಿ ನೋಡಿದವಳಿಗೆ ಮೂರು ದಿನ ನಿದ್ದೆ ಬರಲಿಲ್ಲ.

"ತೂಕದಕ್ಕ, ನೆಲ ತಾನಾಗೇ ಚೇತರಿಸಿಕೊಂಡಿದೆ. ಏನೂ ಕೊಡದೆ ಬಿಟ್ಟಿದ್ದಕ್ಕೇ ಅದರೊಳಗಿನ ಜೀವ ಎಲ್ಲ ಎದ್ದು ಕೂತಿದೆ. ಇದು ಎಂಥ ದೊಡ್ಡ ವಿಷಯ ಗೊತ್ತಾ ನಿಮಗೆ?"

"ದೊಡ್ಡದೇ ಇರ್ಬೇಕು, ಡಾಕ್ಟರಮ್ಮ" ಎಂದು ತೂಕದಕ್ಕ ಚೀಲದ ಬಾಯಿ ಕಟ್ಟತೊಡಗಿದಳು. ಕಟ್ಟಿದ್ದನ್ನೇ ಮೂರು ಸಲ ಕಟ್ಟಿದಳು.

ಹೊರಗಿನ ಪಂಡಿತರಿಗೆ ಬರೆದು ಕಳಿಸುವ ಮೊದಲು ಡಾಕ್ಟರಮ್ಮ ಸುತ್ತಲಿನ ರೈತರನ್ನು ಕರೆದು ತಾಕು ತೋರಿಸಿದಳು. ಬಂದವರಲ್ಲಿ ತೂಕದಕ್ಕನ ತಮ್ಮನೂ ಇದ್ದ. ಎರಡೆಕರೆಯ ಬೇಸಾಯಗಾರ. ಕೇಳಿದ, ತಲೆದೂಗಿದ, ಮನೆಗೆ ಹೋದ. ಎರಡು ವರ್ಷದಿಂದ ಕೂಡಿಟ್ಟ ತಿಪ್ಪೆಯನ್ನು ಅಷ್ಟನ್ನೂ ಪಕ್ಕದ ಹೊಲದವನಿಗೆ ಧರ್ಮಕ್ಕೆ ಕೊಟ್ಟುಬಿಟ್ಟ.

ಸುದ್ದಿ ತಿಳಿದು ತೂಕದಕ್ಕ ಬಿಸಿಲಲ್ಲೇ ಓಡಿದಳು.

"ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ ನಿಂಗೆ? ಗೊಬ್ಬರ ಇಲ್ದೆ ಏನು ಬೆಳೀತೀಯ?"

"ನಿಮ್ಮ ಕೇಂದ್ರದೋರೇ ಹೇಳಿದ್ದಲ್ವೇನಕ್ಕ."

"ಅವರು ಹೇಳ್ತಾರೆ. ನೀನು ಎಲ್ಲಾರ ಮಾತೂ ಕೇಳ್ತೀಯ?"

"ಎಲ್ಲಾರ ಮಾತು ಎಲ್ಲಿ ಕೇಳ್ದೆ?" ತಮ್ಮ ನಕ್ಕ. "ತೂಕ ಹಾಕಿದ್ದು ಯಾರು ಅಂತ ಕೇಳ್ದೆ. ನಮ್ಮಕ್ಕ ಅಂದ್ರು. ಇನ್ನೇನು ಅನುಮಾನ? ಇಲ್ಲಿ ಇನ್ನೂ ಐದು ಮನೆಯೋರು ನನ್ನ ನೋಡಿಕೊಂಡು ತಿಪ್ಪೆ ಖಾಲಿ ಮಾಡ್ತಾ ಇದ್ದಾರೆ."

ತೂಕದಕ್ಕ ಅಲ್ಲೇ ಬದುವಿನ ಮೇಲೆ ಕೂತಳು. ಹೇಳದಿದ್ದರೆ ಬರುವ ಬೆಳೆಗೆ ಆರು ಮನೆಯ ಹೊಲ ಬರಿದು. ಹೇಳಿದರೆ ಕೆಲಸ ಹೋಗಬಹುದು, ಮನೆ ಬಿಡಬೇಕಾಗಬಹುದು. ಹೋಗಲಿ, ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು, ಹೇಗೋ ನಡೆದೀತು. ಅವಳನ್ನು ತಡೆದದ್ದು ಬೇರೆ. ಇಪ್ಪತ್ತೆರಡು ವರ್ಷ ಖಾಲಿ ತಟ್ಟೆ ನೋಡಿ ಅರಳಿದ ಆ ಮುಖಕ್ಕೆ ಇದು ಗೊತ್ತಾದರೆ?

ಮೊದಲು ಅವಳು ಜಾಣತನ ಮಾಡಲು ನೋಡಿದಳು. ಮರುದಿನ ಡಾಕ್ಟರಮ್ಮನ ಮೇಜಿನ ಮುಂದೆ ನಿಂತು, "ಆ ತಾಕಿಗೆ ಯಾರೋ ಏನೋ ಚೆಲ್ಲಿರಬಹುದು ಅನ್ಸುತ್ತೆ" ಎಂದಳು.

ವಿಜ್ಞಾನಿಯ ಮುಂದೆ ಆಡುವ ಮಾತೇ ಇದು? "ಯಾರು? ಏನು? ಎಷ್ಟು? ಎಷ್ಟು ದಿನ?" ಎಂದು ನಾಲ್ಕು ಪ್ರಶ್ನೆ ಒಟ್ಟಿಗೇ ಬಂದವು.

ಎಷ್ಟು ಎಂದು ಕೇಳಿದರೆ ತೂಕದಕ್ಕನ ನಾಲಿಗೆ ಅವಳ ಮಾತು ಕೇಳುವುದಿಲ್ಲ. "ದಿನಕ್ಕೆ ಆರುನೂರು ಗ್ರಾಂ, ಹಸಿ ತೂಕ. ಭಾನುವಾರ ಎಂಟುನೂರು. ಇಪ್ಪತ್ತೆರಡು ವರ್ಷ. ಮಧ್ಯೆ ಅವರಿಗೆ ಟೈಫಾಯ್ಡ್ ಬಂದಾಗ ಒಂದು ತಿಂಗಳು ಇಲ್ಲ."

"ಯಾರಿಗೆ ಟೈಫಾಯ್ಡು?"

"ನಮ್ಮೆಜಮಾನರಿಗೆ. ಗಂಜಿ ಮಾಡೋದು ಅವರೇ."

ಡಾಕ್ಟರಮ್ಮ ಮೊದಲು ನಕ್ಕಳು. ನಗು ಅರ್ಧದಲ್ಲೇ ನಿಂತು ಮುಖ ಸುಣ್ಣವಾಯಿತು. ಕಾಗದ ಎಳೆದುಕೊಂಡು ಲೆಕ್ಕ ಹಾಕಿದಳು, ಗೀಟು ಹಾಕಿದಳು, ಮತ್ತೆ ಹಾಕಿದಳು. ಕಾಲು ಗಂಟೆಯಾದ ಮೇಲೆ ಉಸಿರು ಬಂತು.

"ನೋಡಿ ತೂಕದಕ್ಕ. ನಿಮ್ಮ ಗಂಜಿಯಿಂದ ಹೆಚ್ಚಾಗೋದು ಹೆಚ್ಚೆಂದರೆ ಹದಿನೈದು ಕಿಲೋ. ಹೆಚ್ಚಾಗಿರೋದು ನಲವತ್ತನಾಲ್ಕು. ಉಳಿದಿದ್ದೆಲ್ಲ ಮಣ್ಣಿಂದೇ. ನನ್ನ ಮಾತು ಪೂರ್ತಿ ಸುಳ್ಳಾಗಲಿಲ್ಲ."

"ದೇವರು ದೊಡ್ಡವನು. ಒಂದು ಮಾತು, ಡಾಕ್ಟರಮ್ಮ. ಇದು ನಮ್ಮ ಮನೆ ತನಕ ಹೋಗೋದು ಬೇಡ."

"ನಾನ್ಯಾಕೆ ಹೇಳಲಿ? ಇನ್ನು ಮುಂದೆ ಯಾರೂ ಏನೂ ಹಾಕಬಾರದು ಅಂತ ಎಲ್ಲರಿಗೂ ಒಂದು ಮಾತು ಹೇಳಿಬಿಡ್ತೀನಿ, ಅಷ್ಟೇ."

ಆ ಒಂದು ಮಾತು ಹೇಳಲು ಮಧ್ಯಾಹ್ನ ತೂಕದ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದಳು. ನಿರ್ದೇಶಕರು ಕುರ್ಚಿಯಲ್ಲಿ, ಉಳಿದವರು ಚೀಲಗಳ ಮೇಲೆ. ಡಾಕ್ಟರಮ್ಮ ಯಾರ ಹೆಸರನ್ನೂ ಎತ್ತದೆ, "ಏಳನೇ ತಾಕಿಗೆ ಬೇಲಿ ಕಡೆಯಿಂದ ಸ್ವಲ್ಪ ಗಂಜಿ ಬಿದ್ದಿರೋದು ಗೊತ್ತಾಗಿದೆ" ಎಂದಳು.

ಮೂಲೆಯಲ್ಲಿದ್ದ ಕಾವಲುಗಾರ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಅವನ ಗುಡಿಸಲು ತಾಕಿನ ಬಲಗಡೆ ಮೂಲೆಯಲ್ಲಿತ್ತು.

"ಅಮ್ಮಾವ್ರೇ, ನನ್ನ ಬೈಬೇಡಿ. ನಾನು ಸುರೀತಿದ್ದಿದ್ದು ಬರೀ ಒಂದು ಬಟ್ಟಲು."

"ನೀವೂನಾ?"

"ಗಡಿಯಾರದಣ್ಣ ಪ್ರೀತಿಯಿಂದ ದಿನಾ ತಂದುಕೊಡ್ತಾನೆ. ಒಂಟಿ ಗಂಡಸು, ಉಪವಾಸ ಇರ್ತೀಯ ಅಂತಾನೆ. ಬೇಡ ಅನ್ನೋಕೆ ಬಾಯಿ ಬರಲ್ಲ. ಉಣ್ಣೋಕೂ ಬಾಯಿ ಬರಲ್ಲ."

ಜೀಪಿನ ಡ್ರೈವರು ಛಾವಣಿ ನೋಡುತ್ತ ನಿಂತಿದ್ದ. ಜೀಪಿನ ಶೆಡ್ಡು ತಾಕಿನ ಎಡಗಡೆ. ಎಲ್ಲರೂ ಅವನ ಕಡೆ ತಿರುಗಿದರು.

"ಏನು ಎಲ್ಲಾರೂ ಹಂಗೆ ನೋಡ್ತೀರ? ನಂಗೂ ಒಂದು ಬಟ್ಟಲು ಬರುತ್ತೆ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ದಿನ ಉಂಡೆ. ಅವತ್ತು ಜೀಪಿನ ಬ್ಯಾಟರಿ ಜೊತೆ ನಂದೂ ಡೌನ್ ಆಯ್ತು."

ನಿರ್ದೇಶಕರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ಕೆಮ್ಮೋ ನಗುವೋ ತಿಳಿಯಲಿಲ್ಲ. ಡಾಕ್ಟರಮ್ಮ ಮಾತ್ರ ಬೆರಳು ಮಡಿಸುತ್ತಿದ್ದಳು. ಹದಿನೈದು, ಹದಿನೈದು, ಹದಿನೈದು. ಮಣ್ಣಿನ ಪಾಲಿಗೆ ಒಂದು ಕಿಲೋ ಕೂಡ ಉಳಿಯಲಿಲ್ಲ. ಇಡೀ ಕೇಂದ್ರದಲ್ಲಿ ಹೊಟ್ಟೆ ತುಂಬ ಉಂಡದ್ದು ಉಪವಾಸದ ತಾಕೊಂದೇ.

"ಎಲ್ಲಾ ಒಬ್ಬರದೇ ಕೈಯಡುಗೆ" ಎಂದು ಹೊಲಿಗೆಯಕ್ಕನ ಗಂಡ, ಕೇಂದ್ರದ ಗುಮಾಸ್ತ, ತಡೆಯಲಾರದೆ ಅಂದೇಬಿಟ್ಟ. ಕೋಣೆ ಘೊಳ್ಳೆಂದಿತು.

ನಗು ಬಾಗಿಲ ಕಡೆಯಿಂದ ಒಂದೊಂದಾಗಿ ನಿಲ್ಲುತ್ತ ಬಂತು. ಬಾಗಿಲಲ್ಲಿ ಗಡಿಯಾರದಣ್ಣ ನಿಂತಿದ್ದ. ಊಟದ ಹೊತ್ತಿಗೆ ಹೆಂಡತಿ ಬರದಿದ್ದುದರಿಂದ ಬುತ್ತಿ ಹಿಡಿದುಕೊಂಡು ತಾನೇ ಬಂದಿದ್ದ. ಒಂದರ ಮೇಲೊಂದು ಮೂರು ಬಟ್ಟಲು. ಯಾವಾಗಿನಿಂದ ನಿಂತಿದ್ದನೋ ಯಾರಿಗೂ ತಿಳಿಯದು. ಅವನು ಒಳಗೆ ಬಂದು ಮೂರೂ ಬಟ್ಟಲನ್ನು ತೂಕದ ಮೇಜಿನ ಮೇಲಿಟ್ಟ. ಹೆಂಡತಿಯ ಕಡೆ ನೋಡಿದ. ತೂಕದಕ್ಕನಿಗೆ ಅವನ ಕಣ್ಣು ತಪ್ಪಿಸಲು ಆಗಲಿಲ್ಲ.

"ನೀನೂನಾ?" ಎಂದ.

"ಹೌದು ರೀ."

"ಮೊದಲಿಂದಾನಾ?"

"ಮೊದಲ ದಿನದಿಂದ."

ತಿರುಗಿ ಹೋದ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಹೋದದ್ದು ಅದೇ ಮೊದಲು.

ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಗಡಿಯಾರಗಳ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ಗಂಡ ಒಲೆಯ ಹತ್ತಿರ ಸುಳಿಯಲಿಲ್ಲ. ಟೈಫಾಯ್ಡಿನ ಆ ಒಂದು ತಿಂಗಳು ಬಿಟ್ಟರೆ ತೂಕದಕ್ಕ ಇಪ್ಪತ್ತೆರಡು ವರ್ಷದ ಮೇಲೆ ಸೌಟು ಹಿಡಿದಳು. ಉಪ್ಪು ಇಷ್ಟು ಗ್ರಾಂ, ಕಾಳು ಇಷ್ಟು ಗ್ರಾಂ ಎಂದು ತೂಗಿ ಹಾಕಿದರೂ ಅದು ಅಡುಗೆಯಾಗದೆ ಔಷಧಿಯಾಯಿತು. ಗಂಡ ಅವಳ ಎದುರಿಗೇ ಕೂತು, ಒಂದು ಅಗುಳೂ ಬಿಡದೆ ಉಂಡು, ತಟ್ಟೆ ತೊಳೆದು, ಅವಳ ಮುಂದೆಯೇ ಕವುಚಿ ಇಟ್ಟು ಏಳುತ್ತಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸಕ್ಕರೆ ಡಬ್ಬಿ ಕೊಡಲು ಬಂದವರಿಗೆ ಏನಾಗುತ್ತಿತ್ತೆಂದು ಅವಳಿಗೆ ಆಗ ತಿಳಿಯಿತು.

"ರೀ, ಬೇಕಾದ್ರೆ ನಾಲ್ಕು ಬೈದುಬಿಡಿ" ಎಂದಳು ಒಂದು ದಿನ. ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮೇಜು ಗಡಿಯಾರವೊಂದರ ಹೊಟ್ಟೆ ಬಿಚ್ಚಿದ.

ಡಾಕ್ಟರಮ್ಮ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮೂರನೇ ದಿನ ಸುತ್ತಲಿನ ರೈತರನ್ನೆಲ್ಲ ಮತ್ತೆ ಕರೆಸಿ, ತಾಕಿನ ಮುಂದೆ ನಿಂತು, "ನಾನು ಹೇಳಿದ್ದು ತಪ್ಪು. ಈ ನೆಲ ತಿಂದಿದೆ, ತಿಂದಿದ್ದಕ್ಕೇ ಬೆಳೆದಿದೆ. ನಿಮ್ಮ ಗೊಬ್ಬರ ನೀವು ಹಾಕಿ" ಎಂದಳು. ಏನು ತಿಂದಿತು ಎಂದು ಒಬ್ಬ ಕೇಳಿದ. ಅವಳು ಅದನ್ನೂ ಹೇಳಿದಳು. ರೈತರು ನಕ್ಕ ಸದ್ದು ಸಾಲುಮನೆಗಳವರೆಗೆ ಬಂತು.

ನಾಲ್ಕನೇ ದಿನ ಅವಳೇ ತೂಕದಕ್ಕನ ಮನೆಗೆ ಬಂದು ಗಂಡನ ಎದುರಿಗೆ ಸ್ಟೂಲಿನ ಮೇಲೆ ಕೂತಳು.

"ಅಣ್ಣಾ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಒಂದು ಪಾತ್ರೆ ಗಂಜಿ ಮಾಡಿಕೊಡಿ."

"ಯಾಕೆ, ನಿಮ್ಮ ಮನೇಲೂ ಬೇಲಿ ಇದೆಯಾ?" ಎಂದ ಅವನು.

"ಉಣ್ಣೋಕಲ್ಲ. ಪರೀಕ್ಷೆ ಮಾಡೋಕೆ. ಅದರಲ್ಲಿ ಏನೇನಿದೆ ನೋಡಬೇಕು."

ಅವನು ಎದ್ದು ಒಲೆ ಹಚ್ಚಿದ. ಸಿಪ್ಪೆ, ದಂಟು, ನಾರು, ಬಲಿತ ಎಲೆ, ನಲವತ್ತು ನಿಮಿಷ. ಆರು ದಿನದ ಮೇಲೆ ವರದಿ ಬಂತು. ಮಣ್ಣಿಗೆ ಬೇಕಾದ ಸಾರ ಒಳ್ಳೆಯ ಗೊಬ್ಬರದಲ್ಲಿ ಇರುವಷ್ಟೇ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ಉಪ್ಪು ಇರಲಿಲ್ಲ. "ಮನುಷ್ಯರು ಉಣ್ಣೋ ಹಾಗೆ ಉಪ್ಪು ಹಾಕಿದ್ದಿದ್ರೆ ಇಷ್ಟು ವರ್ಷಕ್ಕೆ ಆ ತಾಕಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ, ಅಣ್ಣಾ. ನೀವು ಮರೆತಿದ್ದೇ ಒಳ್ಳೇದಾಯ್ತು" ಎಂದಳು ಡಾಕ್ಟರಮ್ಮ.

ಆ ವರದಿಗೆ ಅವನು ಗಾಜಿನ ಚೌಕಟ್ಟು ಹಾಕಿಸಿ ಗಡಿಯಾರದ ಅಂಗಡಿಯಲ್ಲಿ ತೂಗುಹಾಕಿದ. ಬಂದವರಿಗೆಲ್ಲ ಓದಿ ಹೇಳಿದ. ಕಾವಲುಗಾರನನ್ನು ಕ್ಷಮಿಸಿದ, ಡ್ರೈವರನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿದ. ಹೆಂಡತಿಯ ಜೊತೆ ಮಾತ್ರ ಮಾತಾಡಲಿಲ್ಲ. ಅವರಿಬ್ಬರದು ಬಟ್ಟಲಿನ ಲೆಕ್ಕ, ಇವಳದು ತಾನೇ ಎದುರು ಕೂತು ಬಡಿಸಿದ ತಟ್ಟೆಯದು.

ನಿರ್ದೇಶಕರು ಒಳ್ಳೆಯ ಮನುಷ್ಯರು, ಆದರೆ ಆದೇಶ ಬರೆಯಲೇಬೇಕಿತ್ತು. ಏಳನೇ ತಾಕಿನ ಉಪವಾಸ ಮೊದಲ ವರ್ಷದಿಂದ ಮತ್ತೆ ಶುರು. ಕಾವಲುಗಾರನ ಗುಡಿಸಲು ಗೇಟಿನ ಹತ್ತಿರಕ್ಕೆ, ಜೀಪಿನ ಶೆಡ್ಡು ರಸ್ತೆಯ ಕಡೆಗೆ. ತೂಕದಕ್ಕ ನಿವೃತ್ತಿಯವರೆಗೆ ತೂಗುತ್ತಿರಬಹುದು, ಆದರೆ ಬೇಲಿಗೆ ಹತ್ತಿದ ಮನೆಯನ್ನು ತಿಂಗಳೊಳಗೆ ಖಾಲಿ ಮಾಡಬೇಕು. "ನಿಮ್ಮ ತಕ್ಕಡಿ ಮೇಲೆ ನನಗೆ ಪೂರ್ತಿ ನಂಬಿಕೆ. ಹಿತ್ತಿಲ ಮೇಲೆ ಇಲ್ಲ" ಎಂದರು.

ಮನೆ ಬಿಡುವ ಬೆಳಗ್ಗೆ ತಮ್ಮ ಟ್ರ್ಯಾಕ್ಟರ್ ತಂದ. ತಿಪ್ಪೆ ಇಸಿದುಕೊಂಡಿದ್ದ ಪಕ್ಕದ ಹೊಲದವನದೇ ಟ್ರ್ಯಾಕ್ಟರು. ತಿಪ್ಪೆಯನ್ನು ಅವನು ಆಗಲೇ ಉತ್ತು ಮಣ್ಣಿಗೆ ಸೇರಿಸಿದ್ದರಿಂದ ವಾಪಸು ಕೊಡುವಂತಿರಲಿಲ್ಲ. ಪಾಪಪ್ರಜ್ಞೆಗೆ ಬಂಡಿ ಕೊಟ್ಟಿದ್ದ. ಅವನ ಹೊಲದಂಚಿನಲ್ಲಿ ತಮ್ಮನಿಗೆ ಸೇರಿದ ಎರಡು ಕೋಣೆಯ ತಗಡಿನ ಮನೆ ಇತ್ತು, ಅಲ್ಲಿಗೆ ಇವರ ಸಂಸಾರ.

"ಮೊದಲು ಮಂಚ ಏರಿಸ್ಲಾ ಅಕ್ಕ?"

"ಮಂಚ ಆಮೇಲೆ. ಹಿತ್ತಿಲಲ್ಲಿ ಗುಂಡಿ ತುಂಬ ಎಲೆಗೊಬ್ಬರ ಇದೆ, ಉದುರಿದ ಎಲೆ ಗುಡಿಸಿ ಹಾಕಿದ್ದು. ಮೊದಲು ಅದು ನಿನ್ನ ಹೊಲಕ್ಕೆ ಹೋಗ್ಲಿ. ಬಿತ್ತನೆಗೆ ಎಷ್ಟು ದಿನ ಉಳಿದಿದೆ, ಗೊತ್ತಾ ನಿಂಗೆ?"

ಹಾಗೆ ಟ್ರೇಲರಿನ ತಳಕ್ಕೆ ಗೊಬ್ಬರ ಬಿತ್ತು. ಮಂಚ, ಟ್ರಂಕು, ಪಾತ್ರೆ, ಒಂಬತ್ತು ಗೋಡೆ ಗಡಿಯಾರ ಎಲ್ಲ ಅದರ ಮೇಲೆ. ಗಡಿಯಾರಗಳನ್ನು ಹಾಸಿಗೆಯಲ್ಲಿ ಸುತ್ತಿ ಗಂಡ ತಾನೇ ಏರಿ ಹಿಡಿದುಕೊಂಡು ಕೂತ. ಹೊಲಿಗೆಯಕ್ಕ ಬಾಗಿಲಿಗೆ ಬಂದು ಕಣ್ಣೊರೆಸಿಕೊಂಡಳು. "ಸಂಸಾರ ಸಾಗಿಸೋದು ನೋಡಿದ್ದೆ, ತಿಪ್ಪೆ ಸಮೇತ ಸಾಗಿಸೋದು ಇವತ್ತೇ ನೋಡಿದ್ದು" ಎಂದು ನಕ್ಕಳು, ಮತ್ತೆ ಅತ್ತಳು.

"ಭಾವ ಮಾತಾಡಿದ್ರಾ?" ತಮ್ಮ ಪಿಸುಗುಟ್ಟಿದ.

"ಇಪ್ಪತ್ತೇಳು ದಿನ ಆಯ್ತು" ಎಂದಳು ತೂಕದಕ್ಕ.

ಒಳಗೆ ಹೋಗಿ ಎರಡು ಕೋಣೆಗಳನ್ನೂ ಒಮ್ಮೆ ನೋಡಿದಳು. ಗೋಡೆಯ ಮೇಲೆ ಗಡಿಯಾರಗಳಿದ್ದ ಕಡೆ ಒಂಬತ್ತು ಬೆಳ್ಳನೆಯ ಗುಂಡು ಗುರುತುಗಳು ಉಳಿದಿದ್ದವು. ಹಿಂಬಾಗಿಲಿಗೆ ಅಗಳಿ ಹಾಕಿದಳು. ಮುಂಬಾಗಿಲು ಎಳೆದು ಬೀಗ ಜಡಿದು ಕೀಲಿಯನ್ನು ಗುಮಾಸ್ತನ ಕೈಗೆ ಕೊಟ್ಟಳು. ಮೆಟ್ಟಿಲಿಳಿದು ಬಂದು ಟ್ರೇಲರಿನ ಎಡಗಡೆಯ ಹಲಗೆಯ ಮೇಲೆ ಕಾಲಿಡಲು ಸೀರೆ ಎತ್ತಿ ಹಿಡಿದಳು.

"ಆ ಕಡೆ ಬೇಡ" ಎಂದ ಗಂಡ. "ಅಲ್ಲಿ ಗೊಬ್ಬರ ಜಾರುತ್ತೆ. ಈ ಕಡೆ ಬಂದು ಹತ್ತು."

ತೂಕದಕ್ಕ ಕಾಲನ್ನು ಅಲ್ಲೇ ನಿಲ್ಲಿಸಿದಳು. ತಮ್ಮ ಬೇಕೆಂದೇ ಎಂಜಿನ್ನಿನ ಕಡೆ ಮುಖ ತಿರುಗಿಸಿಕೊಂಡ. ಅವಳು ಟ್ರೇಲರನ್ನು ಸುತ್ತಿ ಬಲಗಡೆಗೆ ಹೋದಳು. ಗಂಡ ಒಂದು ಕೈಯಲ್ಲಿ ಗಡಿಯಾರಗಳ ಗಂಟು ಅವುಚಿಕೊಂಡು ಇನ್ನೊಂದು ಕೈ ಚಾಚಿದ. ಹಿಡಿದು ಹತ್ತಿದಳು. ಟ್ರ್ಯಾಕ್ಟರು ಒಮ್ಮೆ ಕೆಮ್ಮಿ, ಒಮ್ಮೆ ಗುಡುಗಿ, ರಸ್ತೆಗಿಳಿಯಿತು.